ಬೆಲೆ ಕಟ್ಟಿದ ಆಟ

ಟ್ರೇಡಿಂಗ್ ಕಾರ್ಡ್ ಆಟಗಳೆಂದು ಹೆಸರಾದ, ಇಂದು ಆಕ್ಲೆಂಡಿನಿಂದ ಕ್ರೈಸ್ಟ್‌ಚರ್ಚಿನವರೆಗೆ ನ್ಯೂಜಿಲೆಂಡಿನ ಅಂಗಡಿಗಳಲ್ಲಿ ಸಂಜೆಯ ಹೊತ್ತು ಮೇಜು ಮೇಜಿನಲ್ಲೂ ನಡೆಯುತ್ತಿರುವ, ನಮ್ಮ ಕನ್ನಡ ಮನೆಗಳ ಮಕ್ಕಳೂ ಮನಸೋತು ಆಡುತ್ತಿರುವ ಆಟಗಳ ವಿಷಯದಲ್ಲಿ, ಆಡುವವರು, ಆಡಿಸುವವರು, ಮಾರುವವರು, ಹಣ ತೆರುವ ತಾಯ್ತಂದೆಗಳು ಎಲ್ಲರೂ ಚರ್ಚೆಯ ಗೊಡವೆಯಿಲ್ಲದೆ ಒಪ್ಪಿಕೊಂಡುಬಿಟ್ಟಿರುವ ಅಭಿಪ್ರಾಯವೊಂದುಂಟು. ಸ್ಪರ್ಧೆಗೆ ಇಳಿಯುವವನು ಬೆಲೆ ತೆರಲೇಬೇಕು. ಕೈಯಲ್ಲಿ ಕಾಸಿಲ್ಲದವನಿಗೆ ‘ಬಜೆಟ್ ಡೆಕ್’ ಎಂಬ ಅಗ್ಗದ ಕಟ್ಟು ಇದ್ದೇ ಇದೆ. ಅದನ್ನು ಹಿಡಿದು ಅವನು ಆಟ ಕಲಿಯಲಿ, ಸೋಲಲಿ, ಸೋತು ಬುದ್ಧಿವಂತನಾಗಲಿ, ಹಣ ಕೂಡಿದ ಹಾಗೆಲ್ಲ ಒಂದೊಂದೇ ದುಬಾರಿ ಕಾರ್ಡನ್ನು ಕೊಂಡು ಮೇಲೇರಲಿ. ಹೇಗೂ ಕೊಂಡ ಕಾರ್ಡು ಬಂಡವಾಳವೇ ಅಲ್ಲವೆ? ಇದೇ ಆ ಅಭಿಪ್ರಾಯದ ಸಾರ.

ಈ ಮಾತು ಎಷ್ಟು ಸೌಮ್ಯವಾಗಿ, ಎಷ್ಟು ವ್ಯವಹಾರಜ್ಞವಾಗಿ ಕೇಳಿಸುತ್ತದೆಯೆಂದರೆ, ಅದನ್ನು ಪ್ರಶ್ನಿಸಹೊರಟವನೇ ಲೋಕಾನುಭವವಿಲ್ಲದವನೆನಿಸಿಕೊಳ್ಳುತ್ತಾನೆ. ಆದರೂ ನಾನು ಹೇಳತಕ್ಕದ್ದು ಇಷ್ಟೇ: ಸ್ಪರ್ಧೆಯ ಉಪಕರಣವನ್ನು ಬುದ್ಧಿಪೂರ್ವಕವಾಗಿ ದುರ್ಲಭಗೊಳಿಸಿ, ಆ ದೌರ್ಲಭ್ಯಕ್ಕೆ ಬೆಲೆ ಕಟ್ಟಿ, ಬೆಲೆ ತೆರಲಾರದವನನ್ನು ಕಲಿಕೆಯವನೆಂದು ಮೂಲೆಗೆ ಕೂರಿಸಿ, ಆ ಬಳಿಕ ಗೆದ್ದವನ ಬುದ್ಧಿಗೆ ಜಯಘೋಷ ಹೇಳುವ ಪದ್ಧತಿ ಸ್ಪರ್ಧೆಯೇ ಅಲ್ಲ, ಅದು ಸ್ಪರ್ಧೆಯ ವೇಷ ತೊಟ್ಟ ಹರಾಜು.

ನ್ಯೂಜಿಲೆಂಡಿನವರಿಗೆ ಈ ವಿಷಯದಲ್ಲಿ ದೋಷವನ್ನು ಪರದೇಶದವರ ಮೇಲೆ ಹೊರಿಸಿ ನುಣುಚಿಕೊಳ್ಳುವ ಅನುಕೂಲವಿಲ್ಲ. ‘ಮ್ಯಾಜಿಕ್: ದ ಗ್ಯಾದರಿಂಗ್’ 1993ರಲ್ಲಿ ಅಮೆರಿಕದಲ್ಲಿಯೂ, ಪೋಕೆಮಾನ್ ಕಾರ್ಡುಗಳು 1996ರಲ್ಲಿ ಜಪಾನಿನಲ್ಲಿಯೂ ಹುಟ್ಟಿದುವೆಂಬುದು ನಿಜ. ಆದರೆ ‘ಫ್ಲೆಶ್ ಅಂಡ್ ಬ್ಲಡ್’ ಎಂಬ ಆಟ ಆಕ್ಲೆಂಡಿನ ಲೆಜೆಂಡ್ ಸ್ಟೋರಿ ಸ್ಟುಡಿಯೋಸ್ ಸಂಸ್ಥೆಯಲ್ಲಿ, ಜೇಮ್ಸ್ ವೈಟ್ ಅವರ ನೇತೃತ್ವದಲ್ಲಿ ರೂಪುಗೊಂಡು, 2019ರ ಅಕ್ಟೋಬರಿನಲ್ಲಿ ‘ವೆಲ್‌ಕಮ್ ಟು ರೇತ್’ ಎಂಬ ಮೊದಲ ಕಂತಿನೊಡನೆ ಹೊರಬಂದು, ಮೂರೇ ವರ್ಷಗಳಲ್ಲಿ, 2022ರ ನವೆಂಬರಿನಲ್ಲಿ, ಅಮೆರಿಕದ ಸ್ಯಾನ್ ಹೋಸೆಯಲ್ಲಿ ತನ್ನ ಮೊದಲ ವಿಶ್ವ ಚಾಂಪಿಯನ್‌ಷಿಪ್ ನಡೆಸುವಷ್ಟು ಬೆಳೆಯಿತು. ಆಟದ ರಚನೆ ಮೆಚ್ಚತಕ್ಕದ್ದು. ಕೈಗೆ ಬಂದ ನಾಲ್ಕು ಕಾರ್ಡುಗಳಲ್ಲಿ ಬಹುಪಾಲು ಯಾವುದನ್ನಾದರೂ ಹೊಡೆತಕ್ಕೆ ಬಳಸಬಹುದು, ತಡೆಗೆ ಬಳಸಬಹುದು, ಇಲ್ಲವೆ ‘ಪಿಚ್’ ಮಾಡಿ ಇನ್ನೊಂದರ ಖರ್ಚು ಭರಿಸಬಹುದು. ಕೆಂಪು ಕಾರ್ಡು ಹೊಡೆತದಲ್ಲಿ ಬಲವುಳ್ಳದ್ದು, ಪಿಚ್ ಮಾಡಿದರೆ ಒಂದನ್ನಷ್ಟೇ ಕೊಡುವಂಥದು. ನೀಲಿ ಕಾರ್ಡಿನ ಹೊಡೆತ ಸಣ್ಣದು, ಪಿಚ್ ಮಾಡಿದರೆ ಬರುವುದು ಮೂರು. ಹೀಗಾಗಿ ಅತಿ ಸಾಮಾನ್ಯ ಕಾರ್ಡಿಗೂ ಈ ಆಟದಲ್ಲಿ ಕೆಲಸವುಂಟು, ಮಾನವುಂಟು. ಯಾವುದನ್ನು ಹೊಡೆಯುವುದು, ಯಾವುದನ್ನು ತಡೆಯಲಿಡುವುದು, ಯಾವುದನ್ನು ಖರ್ಚಿಗೆ ಬಿಡುವುದು ಎಂಬ ವಿವೇಕದಲ್ಲೇ ಸೋಲುಗೆಲುವು ನಿಂತಿದೆ. ಇಷ್ಟು ಸಮತೆಯ ರಚನೆಯುಳ್ಳ ಆಟವನ್ನು ಕಲ್ಪಿಸಿದವರೇ, ಮುದ್ರಿಸುವ ಹೊತ್ತಿಗೆ ಅದಕ್ಕೆ ಸಾಮಾನ್ಯ, ವಿರಳ, ಮೆಜೆಸ್ಟಿಕ್, ಲೆಜೆಂಡರಿ ಎಂಬ ಶ್ರೇಣಿಗಳನ್ನು ಏರಿಸಿ, ಮೇಲಿನವು ಕೆಲವರ ಕೈಗಷ್ಟೇ ಸಿಕ್ಕುವಂತೆ ಮಾಡಿದರು. ರಚನೆಯಲ್ಲಿ ಪ್ರಜಾಪ್ರಭುತ್ವ, ಮುದ್ರಣದಲ್ಲಿ ಜಮೀನ್ದಾರಿ!

ಕಾರ್ಡಾಟವೆಂದ ಮೇಲೆ ಶ್ರೇಣಿ, ಅಂತಸ್ತು ಸಹಜವೆನ್ನುವ ಕನ್ನಡಿಗರಿಗೆ ಮೈಸೂರಿನ ಗಂಜೀಫದ ನೆನಪು ಮಾಡಿಕೊಡಬೇಕಾಗಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಎಲೆಯಾಟಗಳ ಪರಮ ರಸಿಕರು. ಅವರ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿಯೆಂಬ ಭಾಗದಲ್ಲಿ ‘ಛದ’ಗಳೆಂಬ ತರತರದ ಎಲೆಯಾಟಗಳನ್ನು, ಮುನ್ನೂರಕ್ಕೂ ಮಿಕ್ಕ ಎಲೆಗಳಿರುವ ಆಟಗಳನ್ನು ಕೂಡ, ನಿರೂಪಿಸಿರುವುದುಂಟು. ಗಂಜೀಫ ಎಲೆಗಳಲ್ಲಿ ಎರಡು ದರ್ಜೆ. ದರ್ಬಾರ್ ಕಲಂ ಎಂಬುದು ಸಿರಿವಂತರದು, ದಂತದ ಮೇಲೋ ಆಮೆಚಿಪ್ಪಿನ ಮೇಲೋ ಕುಂಚದ ಕುಸುರಿಯಿಂದ ಅಂಚುಕಟ್ಟಿ ಬರೆದದ್ದು. ಬಜಾರ್ ಕಲಂ ಎಂಬುದು ಸಾಮಾನ್ಯರದು, ಅಗ್ಗದ ಸಾಮಗ್ರಿಯ ಮೇಲೆ ಬೇಗಬೇಗನೆ ಬರೆದು ಪೇಟೆಯಲ್ಲಿ ಮಾರಿದ್ದು. ಆದರೆ ದಶಾವತಾರ ಗಂಜೀಫದ ಎಲೆಗಳು ಅರಮನೆಯಲ್ಲಿಯೂ 120, ಅಂಗಡಿಬೀದಿಯಲ್ಲಿಯೂ 120. ಒಂದೊಂದು ಅವತಾರಕ್ಕೆ ರಾಜ, ಮಂತ್ರಿ ಮತ್ತು ಹತ್ತು ಅಂಕಿಯೆಲೆಗಳು ಅಲ್ಲಿಯೂ ಇಲ್ಲಿಯೂ ಒಂದೇ. ದಂತದ ಮತ್ಸ್ಯರಾಜನು ಕಾಗದದ ಮತ್ಸ್ಯರಾಜನಿಗಿಂತ ಒಂದು ಪಟ್ಟು ಹೆಚ್ಚು ಗೆದ್ದ ಎಂದು ಯಾವ ಒಡೆಯರೂ ನಿಯಮ ಮಾಡಲಿಲ್ಲ. ಎಲೆಯ ಅಂದಕ್ಕೆ ಬೆಲೆಯಿತ್ತು, ಎಲೆಯ ಬಲಕ್ಕೆ ಇರಲಿಲ್ಲ. ಅರಸೊತ್ತಿಗೆಯ ಕಾಲದಲ್ಲಿ ಅರಸರೇ ಕಾಪಾಡಿದ ಈ ಮರ್ಯಾದೆಯನ್ನು ಸಮಾನತೆಯ ಹೆಸರು ಹೇಳುವ ಈ ಕಾಲದ ಕಂಪನಿಗಳು ಕಿತ್ತುಹಾಕಿದುವಲ್ಲ, ಇದನ್ನು ಸಹಜವೆನ್ನಬಹುದೆ?

ಈ ಪದ್ಧತಿಯ ಮೇಲೆ ನನ್ನ ಮೊದಲನೆಯ ಆರೋಪ, ಅದರ ದೌರ್ಲಭ್ಯ ಪೂರಾ ಕೃತಕವೆಂಬುದು. ಚಿನ್ನ ದುರ್ಲಭವೆಂದರೆ ಭೂಮಿ ಅದನ್ನು ಅಷ್ಟೇ ಕೊಟ್ಟಿದೆ. ಕಾರ್ಡು ದುರ್ಲಭವೆಂದರೆ ಯಂತ್ರವನ್ನು ನಿಲ್ಲಿಸಿದ್ದಾರೆ, ಅಷ್ಟೇ. 1995ರಲ್ಲಿ ಮ್ಯಾಜಿಕ್ ಆಟದ ಒಡೆಯರಾದ ವಿಜರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆಯವರು ‘ಕ್ರಾನಿಕಲ್ಸ್’ ಎಂಬ ಮರುಮುದ್ರಣದ ಮೂಲಕ ಹಳೆಯ ಕಾರ್ಡುಗಳನ್ನು ಹೊಸ ಆಟಗಾರರಿಗೆ ಒದಗಿಸಿದಾಗ, ಕೂಡಿಟ್ಟವರ ಗುಂಪು ಬೆಲೆ ಬಿದ್ದಿತೆಂದು ಬೊಬ್ಬಿಟ್ಟಿತು. ಅದರ ಫಲವಾಗಿ 1996ರಲ್ಲಿ ‘ರಿಸರ್ವ್ಡ್ ಲಿಸ್ಟ್’ ಎಂಬ ಪಟ್ಟಿ ಹುಟ್ಟಿತು, ಅದರಲ್ಲಿ ಸೇರಿದ ಕಾರ್ಡುಗಳನ್ನು ಎಂದೆಂದಿಗೂ ಮತ್ತೆ ಮುದ್ರಿಸುವುದಿಲ್ಲವೆಂಬ ವಾಗ್ದಾನದೊಡನೆ. ವಾಗ್ದಾನ ಯಾರಿಗೆ? ಆಡುವವನಿಗಲ್ಲ, ಆಡದೆ ಬೀಗ ಹಾಕಿ ಇಟ್ಟವನಿಗೆ. 2022ರ ಕೊನೆಯಲ್ಲಿ ಅದೇ ಸಂಸ್ಥೆ ಮೂವತ್ತನೆಯ ವರ್ಷದ ನೆನಪಿಗೆಂದು 15 ಕಾರ್ಡುಗಳ ನಾಲ್ಕು ಪೊಟ್ಟಣಗಳನ್ನು 999 ಅಮೆರಿಕನ್ ಡಾಲರಿಗೆ ಮಾರಿತು. ಅವುಗಳ ಬೆನ್ನಿನ ಚಿತ್ರ ಬೇರೆ, ಪಂದ್ಯಾವಳಿಯಲ್ಲಿ ಅವುಗಳಿಗೆ ಪ್ರವೇಶವಿಲ್ಲ. ಲೆಕ್ಕ ಹಾಕಿದರೆ, ಆಡಲು ಅನುಮತಿಯಿಲ್ಲದ ಒಂದೊಂದು ಕಾಗದದ ಚೂರಿಗೆ 16 ಡಾಲರಿಗೂ ಮೀರಿದ ದರ! ಅದೇ ಚಿತ್ರವನ್ನು ಬಡ ವಿದ್ಯಾರ್ಥಿಯೊಬ್ಬ ಮನೆಯಲ್ಲಿ ಮುದ್ರಿಸಿಕೊಂಡು ತಂದರೆ ‘ಪ್ರಾಕ್ಸಿ’ ಎಂದು ಹೊರಗೆ ಕಳುಹಿಸುತ್ತಾರೆ. ಒಡೆಯನೇ ಮುದ್ರಿಸಿ ಸಾವಿರ ಡಾಲರಿಗೆ ಮಾರಿದರೆ ಅದು ಮಹೋತ್ಸವ.

ಅದೇ 2022ರ ನವೆಂಬರಿನಲ್ಲಿ ಬ್ಯಾಂಕ್ ಆಫ್ ಅಮೆರಿಕದ ವಿಶ್ಲೇಷಕರು, ಮ್ಯಾಜಿಕ್ ಕಾರ್ಡುಗಳನ್ನು ಮಿತಿಮೀರಿ ಮುದ್ರಿಸಲಾಗುತ್ತಿದೆಯೆಂಬ ಕಾರಣ ಕೊಟ್ಟು ಮಾತೃಸಂಸ್ಥೆಯಾದ ಹ್ಯಾಸ್ಬ್ರೋ ಕಂಪನಿಯ ಷೇರಿನ ದರ್ಜೆಯನ್ನು ಇಳಿಸಿದರು. ಆಟದ ಸಾಮಗ್ರಿ ಸಮೃದ್ಧವಾಯಿತೆಂದು ಬ್ಯಾಂಕು ಶೋಕಿಸುತ್ತದೆಯಾದರೆ, ಆ ಆಟ ಯಾರ ಪ್ರಯೋಜನಕ್ಕೆ ನಡೆಯುತ್ತಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ?

ಎರಡನೆಯದು, ‘ಕಾರ್ಡು ಮುಖ್ಯವಲ್ಲ, ಜಾಣತನ ಮುಖ್ಯ’ ಎಂಬ ಸಾಂತ್ವನದ ಕಪಟ. ಇದನ್ನು ಹೇಳುವವರ ಕೈಯಲ್ಲಿ ಯಾವಾಗಲೂ ದುಬಾರಿ ಕಟ್ಟೇ ಇರುವುದು ಕಾಕತಾಳೀಯವಾಗಿರಲಾರದು. ಫ್ಲೆಶ್ ಅಂಡ್ ಬ್ಲಡ್ ಆಟದ ‘ಫೈಂಡಲ್ಸ್ ಸ್ಪ್ರಿಂಗ್ ಟ್ಯೂನಿಕ್’ ಎಂಬ ಎದೆಗವಚವನ್ನು ನೋಡಿ. ಲೆಜೆಂಡರಿ ದರ್ಜೆಯ ಆ ಕಾರ್ಡನ್ನು ಆಟಗಾರನು ಆರಿಸಿಕೊಂಡ ಯಾವ ‘ವೀರ’ ಪಾತ್ರವಾದರೂ ತೊಡಬಹುದು. ತನ್ನ ಸರದಿ ಬಂದಾಗಲೆಲ್ಲ ಅದರ ಮೇಲೆ ಒಂದು ಶಕ್ತಿಗುರುತು ಏರುತ್ತದೆ, ಮೂರು ಕೂಡಿದಾಗ ಅವನ್ನು ತೆಗೆದು ಒಂದು ಸಂಪನ್ಮೂಲ ಪಡೆಯಬಹುದು. ನೋಡಲು ಅಲ್ಪ, ಆದರೆ ಒಂದೊಂದು ಅಂಕಕ್ಕೂ ಹೆಣಗುವ ಆಟದಲ್ಲಿ ಮೂರು ಸರದಿಗೊಮ್ಮೆ ಪುಕ್ಕಟೆಯಾಗಿ ಬರುವ ಒಂದು ಸಂಪನ್ಮೂಲ, ಪಿಚ್ ಮಾಡಬೇಕಾಗಿದ್ದ ಕಾರ್ಡೊಂದನ್ನು ಹೊಡೆತಕ್ಕೋ ತಡೆಗೋ ಉಳಿಸಿಕೊಡುತ್ತದೆ. ಮೊದಲ ವರ್ಷಗಳಲ್ಲಿ ಈ ಒಂದು ಕಾರ್ಡಿನ ಬೆಲೆ ನೂರಾರು ಡಾಲರುಗಳಿಗೆ ಏರಿತ್ತು. ಈಗ ಜಾಣತನದ ಪ್ರವಕ್ತರು ಉತ್ತರ ಹೇಳಲಿ: ಆ ಕವಚದಿಂದ ಗೆಲುವಿಗೆ ಸಹಾಯವುಂಟೋ ಇಲ್ಲವೋ? ಉಂಟೆಂದರೆ, ಅದಿಲ್ಲದವನು ಸಮನಾಗಿ ಸ್ಪರ್ಧಿಸುತ್ತಿಲ್ಲ. ಇಲ್ಲವೆಂದರೆ, ನೂರಾರು ಡಾಲರು ಸುಲಿದದ್ದು ವಂಚನೆ. ಎರಡರಲ್ಲೊಂದನ್ನು ಒಪ್ಪಬೇಕು, ಎರಡನ್ನೂ ಒಪ್ಪದೆ ಮೇಜಿನ ಮೇಲೆ ಕವಚವನ್ನಿಟ್ಟುಕೊಂಡು ಎದುರಿಗಿರುವವನಿಗೆ ಬುದ್ಧಿವಾದ ಹೇಳುವ ಸೌಕರ್ಯ ಯಾರಿಗೂ ಇರಕೂಡದು.

ಜಾಣನು ಅಗ್ಗದ ಕಟ್ಟಿನಿಂದಲೂ ಒಮ್ಮೊಮ್ಮೆ ಗೆಲ್ಲುತ್ತಾನೆಂಬುದು ಸತ್ಯವೇ. ಒಂದು ಕಾಲಿಗೆ ಕಲ್ಲು ಕಟ್ಟಿದರೂ ಗುರಿ ಮುಟ್ಟಿದ ಓಟಗಾರನನ್ನು ತೋರಿಸಿ, ನೋಡಿ, ಕಲ್ಲಿನಿಂದ ತೊಂದರೆಯಿಲ್ಲ ಎನ್ನುವ ತೀರ್ಪುಗಾರನನ್ನು ನಾವು ಏನೆಂದು ಕರೆಯುತ್ತಿದ್ದೆವು?

ಮೂರನೆಯದು, ಬಂಡವಾಳದ ಮಾತು. ನಮ್ಮವರಿಗೆ ಈ ಮಾತು ಬೇಗ ಹಿಡಿಸುತ್ತದೆ. ಮಗ ಕಾರ್ಡಿಗೆ ಮುನ್ನೂರು ಡಾಲರ್ ಕೇಳಿದಾಗ ಹುಬ್ಬೇರಿಸುವ ಅಪ್ಪ, ‘ಅಪ್ಪಾ, ಇದಕ್ಕೆ ಬೆಲೆ ಏರುತ್ತೆ’ ಎಂದೊಡನೆ ಮೆತ್ತಗಾಗುತ್ತಾನೆ. ಅಮ್ಮನಿಗೆ ಅದು ಒಡವೆಯಂತೆ ಕಾಣತೊಡಗುತ್ತದೆ. ಆದರೆ ಈ ಒಡವೆಯ ತೂಕವನ್ನು ನಿರ್ಣಯಿಸುವವರು ಅಕ್ಕಸಾಲಿಗರಲ್ಲ, ಆಟದ ನಿಯಮ ಬರೆಯುವವರು. 2024ರ ಸೆಪ್ಟೆಂಬರ್ 23ರಂದು ಮ್ಯಾಜಿಕ್‌ನ ಕಮಾಂಡರ್ ಪದ್ಧತಿಯಲ್ಲಿ ಮಾನಾ ಕ್ರಿಪ್ಟ್, ಜ್ಯುವೆಲ್ಡ್ ಲೋಟಸ್ ಮೊದಲಾದ ನಾಲ್ಕು ಕಾರ್ಡುಗಳನ್ನು ನಿಷೇಧಿಸಿದ ಒಂದೇ ಪ್ರಕಟಣೆಯಿಂದ ಅವುಗಳಲ್ಲಿ ದುಬಾರಿಯಾದವುಗಳ ಬೆಲೆ ಕುಸಿಯಿತು. ಹಣ ಕಳೆದುಕೊಂಡವರಲ್ಲಿ ಕೆಲವರು ಆ ನಿಷೇಧ ಹೊರಡಿಸಿದ ನಿಯಮ ಸಮಿತಿಯ ಸದಸ್ಯರಿಗೆ ಬೆದರಿಕೆ ಹಾಕುವವರೆಗೆ ಹೋದರು. ವಾರ ಕಳೆಯುವಷ್ಟರಲ್ಲಿ ಸಮಿತಿ ತನ್ನ ಅಧಿಕಾರವನ್ನು ಕಂಪನಿಗೆ ಒಪ್ಪಿಸಿ ಕೈತೊಳೆದುಕೊಂಡಿತು. ಆಟವನ್ನು ಬಂಡವಾಳವೆಂದು ಕಂಡವರು ಆಟದ ನಿಯಮವನ್ನೇ ಶತ್ರುವೆಂದು ಕಾಣುವುದು ಅನಿವಾರ್ಯ. ಏಕೆಂದರೆ ಆಟಕ್ಕೆ ಒಳ್ಳೆಯದಾದುದು ಅವರ ಪೆಟ್ಟಿಗೆಗೆ ನಷ್ಟ.

ಫ್ಲೆಶ್ ಅಂಡ್ ಬ್ಲಡ್ ಆಟದಲ್ಲಂತೂ ಈ ಕುಸಿತ ನಿಯಮದಲ್ಲೇ ಅಡಕವಾಗಿದೆ. ಪಂದ್ಯಾವಳಿಗಳಲ್ಲಿ ಗೆಲ್ಲುತ್ತ ಹೋದ ವೀರನು ಅಂಕ ಗಳಿಸುತ್ತ, ನಿಗದಿಯಾದ ಮಿತಿಯನ್ನು ಮುಟ್ಟಿದಾಗ ‘ಲಿವಿಂಗ್ ಲೆಜೆಂಡ್’ ಎಂಬ ಗೌರವದೊಡನೆ ಕ್ಲಾಸಿಕ್ ಕನ್‌ಸ್ಟ್ರಕ್ಟೆಡ್ ಎಂಬ ಮುಖ್ಯ ಪದ್ಧತಿಯಿಂದ ನಿವೃತ್ತನಾಗುತ್ತಾನೆ. ಆಟ ಜಡವಾಗದಂತೆ ಮಾಡಿದ ಈ ಉಪಾಯ ಸ್ವತಃ ಸೊಗಸಾದುದು. ಆದರೆ ಅದರ ಆರ್ಥಿಕ ಅರ್ಥವನ್ನು ಯೋಚಿಸಿ: ಯಾವ ವೀರನು ಬಲಿಷ್ಠನೋ ಅವನ ಕಾರ್ಡುಗಳಿಗೇ ಬೆಲೆ ಹೆಚ್ಚು, ಯಾವನು ಬಲಿಷ್ಠನೋ ಅವನೇ ಮೊದಲು ನಿವೃತ್ತನಾಗುವವನು. ದುಡ್ಡು ಕೂಡಿಸಿ ಕೂಡಿಸಿ ಕೊನೆಗೆ ಆ ವೀರನ ಕಟ್ಟನ್ನು ಪೂರ್ಣಗೊಳಿಸಿದ ಹುಡುಗ ಬೀಳ್ಕೊಡುಗೆಯ ದಿನಕ್ಕೆ ಸರಿಯಾಗಿ ಬಂದು ಸೇರುತ್ತಾನೆ. ಇದನ್ನು ಬಂಡವಾಳವೆಂದು ಕರೆಯುವವರಿಗೆ ನಷ್ಟವೆಂದರೇನೆಂಬುದನ್ನು ಯಾರು ಕಲಿಸಬೇಕು?

ನಾಲ್ಕನೆಯದು ಇನ್ನೂ ಗಂಭೀರವಾದುದು. ಬೇಕಾದ ಕಾರ್ಡು ಯಾವ ಬೂಸ್ಟರ್ ಪೊಟ್ಟಣದಲ್ಲಿದೆಯೆಂಬುದು ಒಡೆದು ನೋಡುವವರೆಗೆ ತಿಳಿಯದು; ಒಡೆದ ಮೇಲೆ ಸಿಕ್ಕುವುದು ಬಹುಪಾಲು ನಿರಾಶೆ; ಮತ್ತೊಂದು ಪೊಟ್ಟಣ ಕೈಬೀಸಿ ಕರೆಯುತ್ತಿರುತ್ತದೆ. ಹಣ ಕೊಟ್ಟು ಅದೃಷ್ಟವನ್ನು ಕೊಳ್ಳುವ ಈ ವ್ಯಾಪಾರಕ್ಕೂ ಲಾಟರಿಗೂ ಇರುವ ಭೇದವನ್ನು ವಕೀಲರು ಹೇಳಿಯಾರು. ಹನ್ನೆರಡು ವರ್ಷದ ಮಗುವಿನ ಬೆರಳುಗಳಿಗೆ ಅದು ತಿಳಿಯುವುದಿಲ್ಲ. ನ್ಯೂಜಿಲೆಂಡಿನ ಕಾನೂನು ಕೆರೆದು ನೋಡುವ ಇನ್‌ಸ್ಟಂಟ್ ಕಿವಿ ಚೀಟಿಯನ್ನು 18 ತುಂಬದವರಿಗೆ ಮಾರಗೊಡುವುದಿಲ್ಲ. ಕ್ಯಾಸಿನೊದ ಬಾಗಿಲು 20 ತುಂಬದವರಿಗೆ ತೆರೆಯುವುದಿಲ್ಲ. ಬೂಸ್ಟರ್ ಪೊಟ್ಟಣವೋ, ಶಾಲೆಯ ಚೀಲ ಬೆನ್ನಿಗಿರುವಾಗಲೇ ದೊರೆಯುತ್ತದೆ. ಕೆರೆಯುವ ಚೀಟಿಯಿಂದ ಮಗುವನ್ನು ರಕ್ಷಿಸಿದ ಸಮಾಜ ಹರಿಯುವ ಪೊಟ್ಟಣಕ್ಕೆ ಅದನ್ನು ಒಪ್ಪಿಸಿ ನಿಶ್ಚಿಂತೆಯಿಂದಿದೆ. ಪೊಟ್ಟಣದಿಂದ ಬಂದ ಕಾರ್ಡಿಗೆ ನೂರಾರು ಡಾಲರಿನ ಬೆಲೆಯಿದ್ದಷ್ಟು ಕಾಲ ಆ ಪೊಟ್ಟಣ ಜೂಜಿನ ಗುಣವನ್ನು ಬಿಡದು.

ಐದನೆಯದು ಈ ನಾಡಿನ ಭೂಗೋಳ ಕೂಡಿಸುವ ಅನ್ಯಾಯ. ಬಿಡಿ ಕಾರ್ಡುಗಳ ದೊಡ್ಡ ಸಂತೆಗಳೆಂದರೆ ಅಮೆರಿಕದಲ್ಲಿ ಟಿಸಿಜಿಪ್ಲೇಯರ್, ಯೂರೋಪಿನಲ್ಲಿ ಕಾರ್ಡ್‌ಮಾರ್ಕೆಟ್. ಅಲ್ಲಿ ಸಾವಿರಾರು ಮಾರಾಟಗಾರರು ಒಬ್ಬರಿಗೊಬ್ಬರು ಪೈಪೋಟಿಯಿಂದ ಬೆಲೆ ಇಳಿಸುತ್ತಾರೆ. ಐವತ್ತು ಲಕ್ಷ ಜನರಿರುವ, ಸಮುದ್ರಮಧ್ಯದ ಈ ದ್ವೀಪಗಳಲ್ಲಿ ಆ ಪೈಪೋಟಿ ಎಲ್ಲಿಂದ ಬರಬೇಕು? ಡಾಲರಿನ ವಿನಿಮಯದ ವ್ಯತ್ಯಾಸ, ಸಾಗಣೆಯ ವೆಚ್ಚ, ಶೇಕಡ 15ರ ಜಿಎಸ್‌ಟಿ ಎಲ್ಲ ಸೇರಿ, ಅಮೆರಿಕದ ಲೇಖಕನು ‘ಅಗ್ಗದ ಡೆಕ್’ ಎಂದು ಬರೆದಿಟ್ಟ ಪಟ್ಟಿ ಇಲ್ಲಿಗೆ ಬರುವಷ್ಟರಲ್ಲಿ ಅಗ್ಗವಾಗಿ ಉಳಿಯುವುದಿಲ್ಲ. ಸ್ಪರ್ಧೆಯ ಕಟ್ಟೊಂದಕ್ಕೆ ಸಾವಿರ ನ್ಯೂಜಿಲೆಂಡ್ ಡಾಲರ್ ಎಂದಿಟ್ಟುಕೊಳ್ಳಿ. 2025ರ ಏಪ್ರಿಲಿನಲ್ಲಿ ಜಾರಿಯಾದ ಕನಿಷ್ಠ ವೇತನ ಗಂಟೆಗೆ 23.50 ಡಾಲರ್ ಆಗಿತ್ತು, ಹೊಸದಾಗಿ ಕೆಲಸಕ್ಕೆ ಸೇರಿದ ಹದಿನಾರು ಹದಿನೇಳರ ಹುಡುಗನಿಗೆ 18.80 ಡಾಲರ್ ಕೊಟ್ಟರೂ ಕಾನೂನು ಒಪ್ಪುತ್ತಿತ್ತು. ಆ ದರದಲ್ಲಿ ಅಂಥ ಹುಡುಗ ಸೂಪರ್‌ಮಾರ್ಕೆಟ್ಟಿನಲ್ಲಿ ಕಪಾಟು ತುಂಬಿಸುತ್ತ ಸುಮಾರು 53 ಗಂಟೆ ದುಡಿದರೆ, ತೆರಿಗೆ ಕಳೆಯುವ ಮುನ್ನ, ಒಂದು ಕಟ್ಟಿನ ಬೆಲೆಯಾಯಿತು. ತಂದೆಯ ಕ್ರೆಡಿಟ್ ಕಾರ್ಡಿನಿಂದ ಅದನ್ನೇ ಒಂದು ನಿಮಿಷದಲ್ಲಿ ತರಿಸಿಕೊಂಡವನು ಆ 53 ಗಂಟೆಗಳನ್ನು ಅಭ್ಯಾಸಕ್ಕೆ ವಿನಿಯೋಗಿಸುತ್ತಾನೆ. ಇಬ್ಬರನ್ನೂ ಮೇಜಿನ ಎರಡು ಬದಿಗೆ ಕೂರಿಸಿ, ಆರಂಭವಾಗಲಿ, ಯಾರು ಹೆಚ್ಚು ಜಾಣರೋ ನೋಡೋಣ ಎನ್ನುತ್ತೇವೆ. ಲೆಜೆಂಡ್ ಸ್ಟೋರಿಯವರು ತಮ್ಮ ಆಟದ ಉದ್ದೇಶವೇ ಜನರನ್ನು ಮುಖಾಮುಖಿಯಾಗಿ ಒಂದೆಡೆ ಕೂಡಿಸುವುದೆಂದು ಸಾರುತ್ತಾರೆ. ಕೂಡಿಸುವುದು ಒಳ್ಳೆಯದೇ, ಬಾಗಿಲಲ್ಲಿ ಯಾರು ಉಳಿದರೆಂದು ಎಣಿಸುವ ಕೆಲಸವೂ ಅದರ ಜೊತೆಗೆ ಸೇರಿದ್ದು.

ಆರನೆಯ ಆರೋಪ ಬಜೆಟ್ ಡೆಕ್ಕಿನ ಮಾರ್ಗದರ್ಶಕರ ಮೇಲೆಯೇ. ಅವರು ಬಡವರ ಹಿತೈಷಿಗಳೆಂಬ ಖ್ಯಾತಿ ಪಡೆದಿದ್ದಾರೆ. ಅವರ ಪಟ್ಟಿಗಳನ್ನು ಓದಿದರೆ ಬೇರೆಯೇ ಕಾಣುತ್ತದೆ. ಗೆದ್ದ ದುಬಾರಿ ಕಟ್ಟನ್ನು ಎದುರಿಗಿಟ್ಟುಕೊಂಡು, ಅದರಿಂದ ಬೆಲೆಬಾಳುವ ಹತ್ತು ಕಾರ್ಡುಗಳನ್ನು ಕಿತ್ತು, ಆ ಹಳ್ಳಗಳಿಗೆ ಕಡಿಮೆ ಬೆಲೆಯ ಮಣ್ಣು ತುಂಬಿ, ಕೊನೆಯಲ್ಲಿ ‘ಮುಂದೆ ಹಣವಾದಾಗ ಈ ಕ್ರಮದಲ್ಲಿ ಕೊಳ್ಳಿರಿ’ ಎಂಬ ಏಣಿಯೊಂದನ್ನು ಆನಿಸಿರುತ್ತಾರೆ. ಇದು ಮಿತವ್ಯಯದ ಕಲೆಯಲ್ಲ, ವ್ಯಯದ ಮೊದಲ ಕಂತು. ನಿಜವಾದ ಮಿತವ್ಯಯಿ ಗೆದ್ದವನ ಕಟ್ಟನ್ನು ನಕಲು ಮಾಡಹೋಗುವುದಿಲ್ಲ. ಯಾವ ವೀರನ ಬಲ ಸಾಮಾನ್ಯ ಕಾರ್ಡುಗಳಲ್ಲೇ ಇದೆಯೋ ಅವನನ್ನು ಆರಿಸುತ್ತಾನೆ. ಪೊಟ್ಟಣ ಒಡೆಯುವ ಚಪಲವನ್ನು ಗೆದ್ದು ಬೇಕಾದ ಕಾರ್ಡನ್ನೇ ಬಿಡಿಯಾಗಿ ಕೊಳ್ಳುತ್ತಾನೆ. ಕೆಂಪು, ಹಳದಿ, ನೀಲಿಗಳ ಪ್ರಮಾಣವನ್ನು ಹದಗೊಳಿಸಿ ಕೈ ಬರಿದಾಗದಂತೆ ನೋಡುತ್ತಾನೆ. ಸಿದ್ಧವಾಗಿ ಬರುವ ಆರ್ಮರಿ ಡೆಕ್ಕಿನಂಥ ಕಟ್ಟಿನಿಂದ ಆರಂಭಿಸಿ, ಅದರಲ್ಲಿ ಒಂದು ಕಾರ್ಡನ್ನು ಬದಲಿಸುವ ಮುನ್ನ ಹತ್ತು ಸಲ ಆಡಿ ನೋಡುತ್ತಾನೆ. ಇಂಥವನ ಬುದ್ಧಿ ಪಟ್ಟಿ ನೋಡಿ ಕೊಂಡವನ ಬುದ್ಧಿಗಿಂತ ಒಂದು ಮೆಟ್ಟಿಲು ಮೇಲಿನದೇ ಹೊರತು ಕೆಳಗಿನದಲ್ಲ. ಆದರೂ ಅವನನ್ನು ಕಲಿಕೆಯವನೆನ್ನುತ್ತೇವೆ, ಕೊಂಡವನನ್ನು ಸ್ಪರ್ಧಿಯೆನ್ನುತ್ತೇವೆ. ಈ ತಾರತಮ್ಯಕ್ಕೆ ಆಧಾರ ಕೌಶಲವೋ, ರಸೀದಿಯೋ?

ಇಲ್ಲಿಗೆ ಎದುರಾಳಿಗಳು ತಮ್ಮ ಕೊನೆಯ ಕೋಟೆಯನ್ನು ಹೊಕ್ಕು ಕೇಳಿಯಾರು: ಹಾಗಾದರೆ ಕಂಪನಿ ಬದುಕುವುದು ಹೇಗೆ, ಅಂಗಡಿಯವನು ಬಾಡಿಗೆ ಕಟ್ಟುವುದು ಹೇಗೆ? ಉತ್ತರವನ್ನು ಬೇರೆಲ್ಲೂ ಹುಡುಕಬೇಕಾಗಿಲ್ಲ. ಪೋಕೆಮಾನ್‌ನಲ್ಲಿ ಆಡಲು ಬೇಕಾದ ಬಲವಾದ ಕಾರ್ಡಿಗೆ ಬಹುಮಟ್ಟಿಗೆ ಒಂದು ಸಾಧಾರಣ ಮುದ್ರಣವಿರುತ್ತದೆ, ಕೆಲವೇ ಡಾಲರಿನದು. ಅದೇ ಕಾರ್ಡಿನ ಚಿತ್ರಖಚಿತ ಪ್ರತಿ ಬೇರೆ, ಸಂಗ್ರಾಹಕನು ಅದಕ್ಕೆ ಎಷ್ಟು ಬೇಕಾದರೂ ತೆರಲಿ. ಅಂಥ ಪೋಕೆಮಾನ್ ದಿವಾಳಿಯೆದ್ದಿತೆಂದು ಯಾರಾದರೂ ಕೇಳಿದ್ದಾರೆಯೆ? ‘ಆಂಡ್ರಾಯ್ಡ್: ನೆಟ್‌ರನ್ನರ್’ ಎಂಬ ಕಾರ್ಡಾಟ 2012ರಲ್ಲಿ ಅದೃಷ್ಟದ ಪೊಟ್ಟಣವನ್ನೇ ಬಿಟ್ಟು, ಒಳಗೇನಿದೆಯೆಂದು ಹೇಳಿ ಮಾರುವ ಪದ್ಧತಿಯಲ್ಲಿ ಹೊರಟಿತು, 2018ರಲ್ಲಿ ಕಂಪನಿ ಅದನ್ನು ಕೈಬಿಟ್ಟಾಗ ಆಟಗಾರರೇ ಸಂಸ್ಥೆ ಕಟ್ಟಿ, ಈಗ ನಲ್ ಸಿಗ್ನಲ್ ಗೇಮ್ಸ್ ಎಂಬ ಹೆಸರಿನಲ್ಲಿ, ಹೊಸ ಕಾರ್ಡುಗಳನ್ನು ರಚಿಸುತ್ತ, ಮನೆಯಲ್ಲಿ ಮುದ್ರಿಸಿಕೊಂಡ ಪ್ರತಿಗಳಿಗೂ ಪಂದ್ಯಾವಳಿಯಲ್ಲಿ ಎಡೆಕೊಟ್ಟು ಆಡಿಸುತ್ತಿದ್ದಾರೆ. ಮ್ಯಾಜಿಕ್ ಸಂಸ್ಥೆಯೇ 2019ರಲ್ಲಿ ಸಾಮಾನ್ಯ ದರ್ಜೆಯ ಕಾರ್ಡುಗಳಷ್ಟೇ ಸಲ್ಲುವ ‘ಪಾಪರ್’ ಪದ್ಧತಿಗೆ ಅಧಿಕೃತ ಮನ್ನಣೆ ನೀಡಿತು. ಆಕಾಶ ಕುಸಿದು ಬೀಳಲಿಲ್ಲ.

ಲೆಜೆಂಡ್ ಸ್ಟೋರಿಯವರಿಗೂ ದಾರಿ ಗೊತ್ತಿಲ್ಲದೆ ಇಲ್ಲ. 2022ರಲ್ಲಿ ಅವರು ‘ಹಿಸ್ಟರಿ ಪ್ಯಾಕ್ 1’ ಎಂದು ಹಳೆಯ ಕಾರ್ಡುಗಳನ್ನು ಬಿಳಿಯ ಅಂಚಿನೊಡನೆ ಮರುಮುದ್ರಿಸಿದರು. ಅಂಚಿನ ಬಣ್ಣವೊಂದನ್ನು ಬದಲಿಸಿದ ಮಾತ್ರಕ್ಕೆ ಸಂಗ್ರಾಹಕನ ಹಳೆಯ ಪ್ರತಿ ಬೇರೆಯಾಗಿ ಗುರುತಿಗೆ ಉಳಿಯಿತು, ಆಟಗಾರನಿಗೆ ಆಡುವ ಪ್ರತಿ ದೊರೆಯಿತು. ಕೆಳದರ್ಜೆಯ ಕಾರ್ಡುಗಳು ಮಾತ್ರ ಸಲ್ಲುವ ‘ಸಿಲ್ವರ್ ಏಜ್’ ಎಂಬ ಪದ್ಧತಿಯನ್ನೂ ಅವರು ತಂದಿದ್ದಾರೆ. ಇವೆಲ್ಲ ಒಳ್ಳೆಯ ಕೆಲಸಗಳೇ, ಆದರೆ ಅಂಗಳದಲ್ಲಿ ಹಾಕಿದ ಪ್ರತ್ಯೇಕ ಪಂಕ್ತಿಗಳು. ಒಳಗಿನ ಪಂಕ್ತಿಯಲ್ಲಿ, ಮುಖ್ಯ ಪದ್ಧತಿಯಲ್ಲಿ, ಲೆಜೆಂಡರಿ ಕವಚವನ್ನು ಸಾಧಾರಣ ಕಾಗದದ ಮೇಲೆ ಸಾಧಾರಣ ಬೆಲೆಗೆ ಕೊಡುವ ದಿನ ಬರುವವರೆಗೆ ಅಂಗಳದ ಔತಣವನ್ನು ಔದಾರ್ಯವೆಂದು ಹೊಗಳಲಾರೆ.

ಆದುದರಿಂದ ಹೇಳತಕ್ಕದ್ದನ್ನು ಹೇಳಿಬಿಡುತ್ತೇನೆ. ಆಟ ನಿರ್ಮಿಸುವವರೇ, ಅಂದಕ್ಕೆ ಬೆಲೆ ಕಟ್ಟಿ, ಬಲಕ್ಕೆ ಕಟ್ಟಬೇಡಿ. ಫಾಯಿಲಿನ ಹೊಳಪು, ಚಿತ್ರಕಾರನ ಸಹಿ, ಮೊದಲ ಮುದ್ರಣದ ಗುರುತು ಎಷ್ಟು ದುರ್ಲಭವಾದರೂ ಆಗಲಿ, ಆದರೆ ಆಡಲು ಬೇಕಾದ ಪ್ರತಿಯೊಂದು ಕಾರ್ಡಿಗೂ ಒಂದು ಬಜಾರ್ ಕಲಂ ಇರಲಿ. ಅಂಗಡಿಯವರೇ, ಕಂಪನಿಯ ಅಧಿಕೃತ ಪಂದ್ಯಗಳಲ್ಲಿ ನಿಮ್ಮ ಕೈ ಕಟ್ಟಿದ್ದರೆ ಇರಲಿ; ನಿಮ್ಮದೇ ಸಂಜೆಗಳಲ್ಲಿ ಪ್ರಾಕ್ಸಿಗೆ ಎಡೆಕೊಡಿ, ಮೇಜಿನ ಶುಲ್ಕ ತೆಗೆದುಕೊಳ್ಳಿ; ತುಂಬಿದ ಮೇಜು ಖಾಲಿಯಾದ ಗಾಜಿನ ಪೆಟ್ಟಿಗೆಗಿಂತ ಹೆಚ್ಚು ಕಾಲ ನಿಮ್ಮ ಬಾಡಿಗೆಯನ್ನು ಕಟ್ಟುತ್ತದೆ. ಆಕ್ಲೆಂಡ್, ಹ್ಯಾಮಿಲ್ಟನ್, ವೆಲಿಂಗ್ಟನ್ನುಗಳ ಕನ್ನಡ ಕೂಟಗಳವರೇ, ಮಕ್ಕಳಿಗೆ ಯುಗಾದಿಯ ಪಂದ್ಯಗಳಲ್ಲಿ ಕೇರಂ, ಚೆಸ್ ಇಡುವಂತೆ ಈ ಆಟವನ್ನೂ ಇಡಿ. ಆದರೆ ಎಲ್ಲರಿಗೂ ಕೂಟವೇ ಸಮನಾದ ಕಟ್ಟುಗಳನ್ನು ಕೊಟ್ಟು ಆಡಿಸಿ, ಚೆಸ್ಸಿನಲ್ಲಿ ಎಲ್ಲರಿಗೂ ಹದಿನಾರೇ ಕಾಯಿಗಳನ್ನು ಕೊಡುವುದಿಲ್ಲವೆ? ತಾಯ್ತಂದೆಗಳೇ, ಬೂಸ್ಟರ್ ಪೊಟ್ಟಣವನ್ನು ಹುಟ್ಟುಹಬ್ಬದ ಉಡುಗೊರೆಯೆಂದು ಕೊಡುವುದನ್ನು ಬಿಡಿ, ಕಾರ್ಡಿನ ಬೆಲೆ ಏರಿತೇ ಎಂದು ಕೇಳುವುದನ್ನೂ ಬಿಡಿ. ಇಂದಿನ ಆಟದಲ್ಲಿ ಏನು ಯೋಚಿಸಿದೆ ಎಂದು ಕೇಳಿ. ಆಡುವ ಹುಡುಗರೇ, ಹುಡುಗಿಯರೇ, ನಿಮ್ಮಲ್ಲಿರುವ ಹೆಚ್ಚಿನ ಪ್ರತಿಯನ್ನು ಎದುರಾಳಿಗೆ ಎರವಲು ಕೊಡಿ. ಅವನ ಕೈ ಬಲಗೊಂಡ ಮೇಲೆ ಅವನನ್ನು ಗೆಲ್ಲಿ. ಆ ಗೆಲುವಿಗೆ ಮಾತ್ರ ಅರ್ಥವುಂಟು.

ಬುದ್ಧಿಯ ಸ್ಪರ್ಧೆಯೆಂದು ಸಾರಿದ ಮೇಲೆ ಬುದ್ಧಿಯನ್ನೇ ಸ್ಪರ್ಧಿಸಲು ಬಿಡಿ. ಬಿಡಲಾರಿರಾದರೆ, ಇಷ್ಟಾದರೂ ಪ್ರಾಮಾಣಿಕತೆ ತೋರಿಸಿ: ಬಹುಮಾನದ ಬಟ್ಟಲಿನ ಮೇಲೆ ಗೆದ್ದವನ ಹೆಸರನ್ನು ಕೆತ್ತಿಸುವಾಗ, ಅದರ ಕೆಳಗೆ ಅವನ ಕಟ್ಟಿನ ಬೆಲೆಯನ್ನೂ ಕೆತ್ತಿಸಿರಿ.